ಕುರಕುಂಭಕ್ಕೆ ಕಟ್ಟಿದ ಬುತ್ತಿ

"ನಿನ್ನ ಮನೆಯವ್ರು ಕುರಕುಂಭದಾಗ ಯಾವ ಕಂಪನಿಯಾಗ ಅದಾರ ಅಂದಿ, ಪ್ರಫುಲ್ಲಾ?"

ಗೌರಾಬಾಯಿ ಸಹಜವಾಗಿಯೇ ಕೇಳಿದರು. ಮನೆ ತುಂಬ ಹೆಂಗಸರು. ನಡುವೆ ಹಸಿರು ಸೀರೆ ಉಟ್ಟು, ಕೈತುಂಬ ಹಸಿರು ಬಳೆ ತೊಟ್ಟು ಮಣೆಯ ಮೇಲೆ ಕುಳಿತವಳು ಅವರ ಮಗಳು ಶೀತಲ್. ಸೊಲ್ಲಾಪುರದ ಗಂಡನ ಮನೆಯಿಂದ ಹೆರಿಗೆಗೆಂದು ಪುಣೆಯ ನಿಗಡಿಯ ತವರಿಗೆ ಬಂದವಳಿಗೆ ಅಂದು ಕುಪ್ಪಸದ ಕಾರ್ಯ. ಉಡಿ ತುಂಬಲು ಐವರು ಮುತ್ತೈದೆಯರು ಬೇಕು. ನಾಲ್ವರು ಸಿಕ್ಕಿದ್ದರು. ಐದನೆಯವಳಾಗಿ ಗೌರಾಬಾಯಿ ಪ್ರಫುಲ್ಲಾಳ ಕೈ ಹಿಡಿದು ಎಳೆದು ತಂದಿದ್ದರು.

ಪ್ರಫುಲ್ಲಾ ಅಕ್ಕಿಯ ತಟ್ಟೆಯನ್ನು ಹತ್ತಿರ ಎಳೆದುಕೊಂಡಳು.

'ಕಂಪನಿಯ ಹೆಸರು… ಹಿಂದೆ ಏನಾದರೂ ಹೇಳಿದ್ದೆನೆ? ಏನು ಹೇಳಿದ್ದೆ?'

"ಹೇಳು, ನಾಚಿಕಿ ಯಾಕ? ಇವ ನನ್ನ ತಮ್ಮ ಶಿವಪ್ರಕಾಶ. ಹನ್ನೆರಡು ವರ್ಷ ಆತು, ಅಲ್ಲೇ ಕೆಮಿಕಲ್ ಕಂಪನಿ ಲ್ಯಾಬಿನಾಗ ಅದಾನ. ಕುರಕುಂಭದಾಗ ನಮ್ಮ ಕಡೆ ಮಂದಿ ಎಲ್ಲಾರೂ ಗೊತ್ತು ಇವಗ. ಏ ಪ್ರಕಾಶಾ, ಬಸವಪ್ರಭು ಅಂತ. ನೀ ನೋಡಿರಬೇಕಲ್ಲ?"

ಬಾಗಿಲಲ್ಲಿ ಬಾಳೆಎಲೆಯ ಕಟ್ಟು ಹಿಡಿದು ನಿಂತಿದ್ದ ಗಂಡಸು ತಲೆ ಎತ್ತಿದ. ನಲವತ್ತರ ಹತ್ತಿರದ ವಯಸ್ಸು. ಕನ್ನಡಕದ ಹಿಂದೆ ಶಾಂತ ಕಣ್ಣು. ಆ ಕಣ್ಣು ಪ್ರಫುಲ್ಲಾಳ ಮುಖದ ಮೇಲೆ ಬಂದು ನಿಂತಿತು.

ಎರಡು ಕ್ಷಣ. ಅಷ್ಟರಲ್ಲೇ ಅವನಿಗೆ ಎಲ್ಲ ತಿಳಿದುಹೋಯಿತೆಂದು ಅವಳಿಗೆ ಗೊತ್ತಾಯಿತು.

'ಮುಗಿಯಿತು. ಈಗ ಇಲ್ಲ ಅನ್ನುತ್ತಾನೆ. ಇಷ್ಟು ಜನರ ಮುಂದೆ…'

"ಹೌದಕ್ಕ, ಗೊತ್ತದಾರ," ಎಂದ ಶಿವಪ್ರಕಾಶ. "ನಮ್ಮ ಪಕ್ಕದ ಕಂಪನಿ. ಶಿಫ್ಟ್ ಡ್ಯೂಟಿ, ರಜಾ ಸಿಗೂದು ಕಷ್ಟ."

ಅಷ್ಟು ಹೇಳಿ ಬಾಳೆಎಲೆಯನ್ನು ಅಡುಗೆಮನೆಗೆ ಒಯ್ದ.

ಪ್ರಫುಲ್ಲಾ ನಡುಗುವ ಕೈಯಿಂದ ಶೀತಲ್‌ಳ ಉಡಿಗೆ ಅಕ್ಕಿ ಹಾಕಿದಳು. ಅರಿಶಿನದ ಬೇರು, ಅಡಿಕೆ, ಕೊಬ್ಬರಿ ಬಟ್ಟಲು… ಉತ್ತತ್ತಿಯೊಂದು ಬೆರಳ ಸಂದಿಯಿಂದ ಜಾರಿ ನೆಲಕ್ಕೆ ಬಿತ್ತು. ಗೌರಾಬಾಯಿ ಎತ್ತಿ ಕೊಟ್ಟು ನಕ್ಕರು. "ಗಂಡನ ಸುದ್ದಿ ಬಂದ ಕೂಡಲೇ ಹೆಂಗ ಕೈ ನಡುಗತಾವ ನೋಡ್ರಿ ಇಕಿದು."

ಎಲ್ಲರೂ ನಕ್ಕರು. ಪ್ರಫುಲ್ಲಾಳೂ ನಕ್ಕಳು. ಭೂಮಿ ಬಾಯಿ ಬಿಡಬಾರದೇ ಎನ್ನಿಸಿತು.

ಏಕೆಂದರೆ ಕುರಕುಂಭದಲ್ಲಿ ಬಸವಪ್ರಭು ಎಂಬ ಗಂಡ ಇರಲೇ ಇಲ್ಲ. ಅವನು ನಾಸಿಕದಲ್ಲಿದ್ದ, ಇನ್ನೊಬ್ಬಳ ಜೊತೆ. ಪುಣೆಯ ಶಿವಾಜಿನಗರದ ಕೋರ್ಟಿನಲ್ಲಿ ಇಬ್ಬರೂ ಬಿಡುಗಡೆಗೆ ಸಹಿ ಹಾಕಿ ಹತ್ತು ತಿಂಗಳಾಗಿತ್ತು.

* * *

ಸುಳ್ಳು ಹೇಳಬೇಕೆಂದು ಅವಳು ಕುಳಿತು ಯೋಚಿಸಿ ಹೇಳಿದ್ದಲ್ಲ.

ನಿಗಡಿಯ ಆ ಓಣಿಯಲ್ಲಿ ಪ್ರಫುಲ್ಲಾಳದು ಒಂದು ಪುಟ್ಟ ಅಂಗಡಿ. ಸೀರೆಗಳಿಗೆ ಫಾಲ್ ಹಚ್ಚುವುದು, ಪಿಕೋ ಮಾಡುವುದು. ಹಿಂದಿನ ಕೋಣೆಯಲ್ಲೇ ಅವಳೂ ಮಗಳು ದೀಕ್ಷಿತಾಳೂ ಇರುತ್ತಿದ್ದರು. ವಿಜಯಪುರ, ಬಾಗಲಕೋಟೆ ಕಡೆಯಿಂದ ಬಂದು ನೆಲೆಸಿದ ಮನೆಗಳ ಹೆಂಗಸರೆಲ್ಲ ಅವಳಲ್ಲಿಗೇ ಬರುತ್ತಿದ್ದರು. ಸೀರೆ ಕೊಡುವಾಗ ಒಂದು ಮಾತು, ಒಯ್ಯುವಾಗ ಒಂದು ಮಾತು.

ಒಂದು ದಿನ ಯಾರೋ ಕೇಳಿದರು. "ಯಜಮಾನ್ರು ಇತ್ತಿತ್ತಲಾಗ ಕಾಣವಲ್ರಲ್ಲ?"

ಕೋರ್ಟಿನಿಂದ ಬಂದು ಆಗಿನ್ನೂ ಮೂರು ದಿನ. ಹೊರಗೆ ರಸ್ತೆಯಲ್ಲಿ ಕಂಪನಿ ಬಸ್ಸೊಂದು ನಿಂತಿತ್ತು. ಅದರ ಹಣೆಯ ಮೇಲೆ ಬರೆದಿದ್ದ ದೂರದ ಕಾರ್ಖಾನೆ ಊರಿನ ಹೆಸರನ್ನು ನಾಲಗೆ ಓದಿಬಿಟ್ಟಿತು.

"ಕುರಕುಂಭಕ್ಕ ಬದಲಿ ಆಗೇದ್ರಿ ಅವರಿಗೆ."

ಅಷ್ಟೇ. ಆಮೇಲೆ ಆ ಮಾತಿಗೆ ಕ್ವಾರ್ಟರ್ಸ್ ಸೇರಿತು, ಶಿಫ್ಟ್ ಸೇರಿತು, ರಜೆ ಸಿಗದ ಸಾಹೇಬನೊಬ್ಬ ಸೇರಿದ. ಮೂರನೇ ಕ್ಲಾಸಿನ ದೀಕ್ಷಿತಾಳನ್ನು ಕೂರಿಸಿಕೊಂಡು, "ಯಾರರ ಕೇಳಿದ್ರ ಪಪ್ಪಾ ಕುರಕುಂಭದಾಗ ಅದಾರ ಅನ್ನು," ಎಂದು ಹೇಳಿಕೊಟ್ಟ ಸಂಜೆ ಮಾತ್ರ ಪ್ರಫುಲ್ಲಾ ಊಟ ಮಾಡಿರಲಿಲ್ಲ.

ಮಗು ಏನೂ ಕೇಳದೆ ತಲೆಯಾಡಿಸಿತ್ತು. ಅದೇ ಅವಳನ್ನು ಹೆಚ್ಚು ಚುಚ್ಚಿತ್ತು.

ಕುಪ್ಪಸದ ದಿನ ಊಟ ಮುಗಿಸಿ ಹೊರಟಾಗ ಗೌರಾಬಾಯಿ ಮೆಟ್ಟಿಲಲ್ಲಿ ತಡೆದರು.

"ಶೀತಲ್ ಬಂದಾಗಿನಿಂದ ಪ್ರಕಾಶ ವಾರವಾರ ಬರ್ತಾನ, ಸೋಮವಾರ ನಸುಕಿನ ಬಸ್ಸಿಗೆ ತಿರುಗಿ ಹೋಗ್ತಾನ. ನಿನ್ನ ಗಂಡಗ ಬುತ್ತಿ ಕಟ್ಟಿ ಕೊಡು. ಮನಿ ರೊಟ್ಟಿ ತಿಂದು ಎಷ್ಟು ದಿನ ಆತೋ ಏನೋ."

"ಬ್ಯಾಡ್ರಿ ಅಕ್ಕಾರ… ಅವರಿಗ್ಯಾಕ ತೊಂದ್ರಿ…"

"ಏನು ತೊಂದ್ರಿ? ಆ ಕಡೆ ಹೋಗೋರ ಕೈಯಾಗ ಬುತ್ತಿ ಕಳಸದ ನಾವು ಎಂದರ ಬಿಟ್ಟೀವೇನು? ನಾನೂ ಒಂದಿಷ್ಟು ಗುರೆಳ್ಳು ಚಟ್ನಿ ಕೊಡ್ತೀನಿ."

ಅವರ ಹಿಂದೆ ನಿಂತಿದ್ದ ಶಿವಪ್ರಕಾಶ ಚಪ್ಪಲಿ ಹುಡುಕುವವನಂತೆ ಕೆಳಗೆ ನೋಡುತ್ತಿದ್ದ.

* * *

ಸೋಮವಾರ ಬೆಳಿಗ್ಗೆ ಆರಕ್ಕೆ ಚೌಕದ ಬಸ್ ಸ್ಟಾಪಿನಲ್ಲಿ ಪ್ರಫುಲ್ಲಾ ಡಬ್ಬಿ ಹಿಡಿದು ನಿಂತಿದ್ದಳು. ಒಳಗೆ ಹತ್ತು ಖಡಕ್ ರೊಟ್ಟಿ, ಎಣ್ಣೆಗಾಯಿ, ಕೆಂಪು ಖಾರ, ಮೇಲೆ ಗೌರಾಬಾಯಿಯ ಚಟ್ನಿ. ಪಕ್ಕದಲ್ಲೇ ಪುಣೆ ಪೇಟೆಗೆ ಹೂ ಒಯ್ಯುವವರ ಟೆಂಪೋ ನಿಂತಿತ್ತು. ಅವಳು ಯಾರ ಮುಖವನ್ನೂ ನೋಡಲಿಲ್ಲ.

ಶಿವಪ್ರಕಾಶ ಬಂದು ಸ್ವಲ್ಪ ದೂರದಲ್ಲೇ ನಿಂತ.

"ತಗೋರಿ," ಎಂದು ಡಬ್ಬಿ ಚಾಚಿದಳು. "ಅಕ್ಕಾರ ಕೇಳ್ತಾರ, ಅದಕ್ಕ ಮಾಡೀನಿ. ಬಸ್ಸಿನಾಗ ಯಾರಿಗರ ಕೊಡ್ರಿ, ಇಲ್ಲಾ ಚೆಲ್ಲಿಬಿಡ್ರಿ. ಅಲ್ಲಿ ಯಾರೂ ಇಲ್ಲಂತ ನಿಮಗ ಗೊತ್ತಾಗೇದ."

"ಗೊತ್ತಾಗೇದ್ರಿ."

"ಮತ್ತ ಯಾಕ ಸುಳ್ಳು ಹೇಳಿದ್ರಿ?"

ಅವನು ಉತ್ತರಿಸುವಷ್ಟರಲ್ಲಿ ಬಸ್ ಬಂತು. ಡಬ್ಬಿಯನ್ನು ಎರಡೂ ಕೈಯಿಂದ ತೆಗೆದುಕೊಂಡ.

"ರೊಟ್ಟಿ ಚೆಲ್ಲೋ ಜಾತಿ ಅಲ್ರಿ ನಾನು. ಶನಿವಾರ ಡಬ್ಬಿ ತಂದು ಕೊಡ್ತೀನಿ."

ಶನಿವಾರ ಸಂಜೆ ಡಬ್ಬಿ ಬಂತು. ಬೂದಿ ಹಚ್ಚಿ ತಿಕ್ಕಿದಂತೆ ಹೊಳೆಯುತ್ತಿತ್ತು. ಮುಚ್ಚಳ ತೆಗೆದರೆ ಒಳಗೆ ನಾಲ್ಕು ಪೇರಲ ಹಣ್ಣು.

"ಬರೀ ಡಬ್ಬಿ ತಿರುಗಿ ಕೊಡಬಾರದು ಅಂತಿದ್ಲು ನಮ್ಮವ್ವ," ಎಂದು ಹೇಳಿ, ಒಳಗೆ ಬಾ ಎನ್ನುವ ಮೊದಲೇ ಹೊರಟುಹೋದ.

ದೀಕ್ಷಿತಾ ಹಣ್ಣು ಕಚ್ಚುತ್ತ ಕೇಳಿದಳು. "ಮಮ್ಮಿ, ಈ ಅಂಕಲ್ ಯಾರು?"

"ಗೌರಾ ಆಜಿ ತಮ್ಮ."

"ಛಲೋ ಅದಾರ?"

ಪ್ರಫುಲ್ಲಾ ಮಶೀನಿನ ಸೂಜಿಗೆ ದಾರ ಪೋಣಿಸುವವಳಂತೆ ಬಾಗಿದಳು. ದಾರ ಆಗಲೇ ಪೋಣಿಸಿಯಾಗಿತ್ತು.

* * *

ಹೀಗೆ ಶುರುವಾದ ಬುತ್ತಿ ನಿಲ್ಲಲಿಲ್ಲ. ನಿಲ್ಲಿಸಲು ಗೌರಾಬಾಯಿ ಬಿಡಲಿಲ್ಲ. ಭಾನುವಾರ ಸಂಜೆಯಾದರೆ ಸಾಕು, ಮಜ್ಜಿಗೆ ಮೆಣಸಿನಕಾಯಿಯೋ ಶೇಂಗಾ ಹೋಳಿಗೆಯೋ ಹಿಡಿದು ಅಂಗಡಿಗೆ ಬಂದುಬಿಡುತ್ತಿದ್ದರು. "ನಿನ್ನ ಗಂಡ ಏನಂದ, ಸೇರಿದ್ವೇನು?" ಎಂದು ಕೇಳುತ್ತಿದ್ದರು. ಪ್ರಫುಲ್ಲಾ ತಲೆ ತಗ್ಗಿಸಿ, "ಸೇರಿದ್ವಂತ್ರಿ," ಎನ್ನುತ್ತಿದ್ದಳು. ಅವರು ಮಶೀನಿನ ಪಕ್ಕ ಕುಳಿತು ಪ್ರೀತಿಯಿಂದ ಮಾತಾಡಿದಷ್ಟೂ ಅವಳಿಗೆ ಮೈಮೇಲೆ ಮುಳ್ಳು ಎದ್ದಂತಾಗುತ್ತಿತ್ತು.

'ಇಂಥವರಿಗೆ ಮೋಸ ಮಾಡುತ್ತಿದ್ದೇನಲ್ಲ…'

ಆದರೂ ಸೋಮವಾರ ಬೆಳಿಗ್ಗೆ ಒಲೆ ಹಚ್ಚುವಾಗ ಮನಸ್ಸು ಯಾಕೋ ಹಗುರ ಇರುತ್ತಿತ್ತು. ಶನಿವಾರ ಸಂಜೆ ಡಬ್ಬಿಯ ಮುಚ್ಚಳ ತೆಗೆಯುವಾಗ ಇನ್ನೂ ಹಗುರ. ಒಮ್ಮೆ ಬೆಲ್ಲ. ಒಮ್ಮೆ ಬಲಿತ ಹುಣಸೆಕಾಯಿ. ಒಮ್ಮೆ ದೀಕ್ಷಿತಾಳಿಗೆಂದು ಲ್ಯಾಬಿನಲ್ಲಿ ಬಿಸಾಡುವ ಬಣ್ಣದ ಕಾಗದದ ಪಟ್ಟಿಗಳು. ನಿಂಬೆರಸದಲ್ಲಿ ಅದ್ದಿದರೆ ಕೆಂಪು, ಸಾಬೂನಿನ ನೀರಲ್ಲಿ ನೀಲಿ. ಮಗು ಮನೆಯಲ್ಲಿದ್ದ ಎಲ್ಲ ಡಬ್ಬಿಗಳಲ್ಲೂ ಕಾಗದ ಅದ್ದಿ ನೋಡಿತು.

ಭಾದ್ರಪದದ ಒಂದು ಶನಿವಾರ ಮಳೆ ಹಿಡಿದುಕೊಂಡಿತ್ತು. ಅಂಗಡಿಯ ತಗಡಿನ ಕೆಳಗೆ ಶಿವಪ್ರಕಾಶ ನಿಲ್ಲಲೇಬೇಕಾಯಿತು. ಪ್ರಫುಲ್ಲಾ ಸ್ಟೂಲು ಹಾಕಿ, ಚಹಾ ಕೊಟ್ಟು, ಕೊನೆಗೂ ಕೇಳಿದಳು.

"ಆವತ್ತು ನೀವು ಉತ್ತರ ಹೇಳಲಿಲ್ಲ. ನನ್ನ ಸಲುವಾಗಿ ಯಾಕ ಸುಳ್ಳು ಹೇಳಿದ್ರಿ?"

ಅವನು ಚಹಾದ ಬಟ್ಟಲನ್ನು ತಿರುಗಿಸುತ್ತ ಕುಳಿತ.

"ಸುಳ್ಳು ಹೇಳೋರ ಮುಖ ನನಗ ಗೊತ್ತಾಗ್ತದ್ರಿ. ಕನ್ನಡಿಯೊಳಗ ಭಾಳ ದಿನ ನೋಡೀನಿ."

ನಾಲ್ಕು ವರ್ಷದ ಹಿಂದೆ ಅವನ ಹೆಂಡತಿ ಮಾಧುರಿ ಆಸ್ಪತ್ರೆಯಲ್ಲಿದ್ದಳು. ಅವಳ ತಾಯಿ ಊರಿಂದ ದಿನಾ ಫೋನ್ ಮಾಡುತ್ತಿದ್ದರು. ಮುದುಕಿ ಹೆದರಬಾರದೆಂದು ಅವನು ದಿನಾ, ಅರಾಮ ಆಗಲಿಕ್ಕತ್ತಾಳ ಎನ್ನುತ್ತಿದ್ದ. ಇಪ್ಪತ್ತು ದಿನ ಹಾಗೇ ಅಂದ. ಇಪ್ಪತ್ತೊಂದನೆಯ ದಿನ ಮಾಧುರಿ ಹೋದಳು.

"ಅವರು ಬರೂದರಾಗ ಎಲ್ಲಾ ಮುಗಿದಿತ್ತು. 'ನನ್ನ ಮಗಳ ಮಾರಿ ನೋಡಗೊಡಲಿಲ್ಲಪಾ ನೀ' ಅಂದ್ರು. ಅದಾದ ಮ್ಯಾಲೆ ನನ್ನ ಕೂಡ ಒಂದು ಮಾತಾಡಿಲ್ಲ." ಬಟ್ಟಲು ಕೆಳಗಿಟ್ಟ. "ನಿಮ್ಮ ಸಲುವಾಗಿ ಹೇಳಿದ ಸುಳ್ಳೂ ಛಲೋ ಆಗಲಿಲ್ರಿ. ಅವತ್ತು ಸುಮ್ನ ಇದ್ದಿದ್ರ ಈ ಬುತ್ತಿ ಕಟ್ಟೂ ಕೆಲಸ ನಿಮಗ ಬೀಳ್ತಿರಲಿಲ್ಲ."

ತಗಡಿನ ಮೇಲೆ ಮಳೆ ಸುರಿಯುತ್ತಲೇ ಇತ್ತು. ಪ್ರಫುಲ್ಲಾ ಮಡಿಲಲ್ಲಿದ್ದ ಸೀರೆಯ ಅಂಚನ್ನು ನೋಡುತ್ತಲೇ ಎಲ್ಲವನ್ನೂ ಹೇಳಿದಳು. ನಾಸಿಕ, ಇನ್ನೊಬ್ಬಳು, ಕೋರ್ಟಿನ ಮೆಟ್ಟಿಲು, ಆ ಬಸ್ಸಿನ ಬೋರ್ಡು. ಯಾರಿಗೂ ಹೇಳದ್ದನ್ನು.

ಅವನು ಪಾಪ ಎನ್ನಲಿಲ್ಲ. ಆ ಗಂಡಸನ್ನು ಬೈಯಲೂ ಇಲ್ಲ.

"ಬೋರ್ಡು ಓದಿ ಊರು ಆರಿಸಿದ್ರಿ ಅಂದ್ರ… ಆವತ್ತು ಲೋಣಾವಳಾ ಬಸ್ ನಿಂತಿದ್ರ ನಿಮ್ಮ ಬುತ್ತಿ ನನಗ ಸಿಗ್ತಿರಲಿಲ್ಲ ಬಿಡ್ರಿ."

ಪ್ರಫುಲ್ಲಾಳಿಗೆ ನಗು ಬಂತು. ತಡೆಯಲು ಸೆರಗು ಬಾಯಿಗೆ ಹಿಡಿದಳು. ಕೋರ್ಟಿನಿಂದ ಬಂದ ಮೇಲೆ ಅವಳು ಮನಸಾರೆ ನಕ್ಕಿದ್ದು ಅದೇ ಮೊದಲು.

ಅವನು ಹೋದ ಮೇಲೆ ಕನ್ನಡಿಯಲ್ಲಿ ತನ್ನ ಕೊರಳ ಕರಿಮಣಿ ಕಂಡಿತು. ಮುಖ ಬಿಸಿಯಾಯಿತು.

'ಇಲ್ಲದ ಗಂಡನ ತಾಳಿ ಕಟ್ಟಿಕೊಂಡು ಇನ್ನೊಬ್ಬರ ಶನಿವಾರಕ್ಕೆ ಕಾಯುತ್ತೇನಲ್ಲ… ಏನು ಹೆಂಗಸು ನಾನು?'

* * *

ಶೀತಲ್‌ಳಿಗೆ ಹೇಳಿದ ದಿನಕ್ಕಿಂತ ಮೂರು ವಾರ ಮೊದಲೇ ಹೆರಿಗೆಯಾಯಿತು. ಹೆಣ್ಣು ಕೂಸು. ಕಾಮಾಲೆ ಎಂದು ನಾಲ್ಕು ದಿನ ನೀಲಿ ದೀಪದ ಕೆಳಗೆ ಗಾಜಿನ ಪೆಟ್ಟಿಗೆಯಲ್ಲಿ ಇಟ್ಟರು.

ಸುದ್ದಿ ಕೇಳಿದ ಗಳಿಗೆಯಿಂದ ಪ್ರಫುಲ್ಲಾಳ ಕೈ ಕೆಲಸಕ್ಕೆ ಏಳಲಿಲ್ಲ. ಕಣ್ಣ ಮುಂದೆ ಅದೇ ಚಿತ್ರ. ಹಸಿರು ಸೀರೆಯ ಉಡಿ, ತನ್ನ ಕೈಯ ಅಕ್ಕಿ, ನೆಲಕ್ಕೆ ಬಿದ್ದ ಉತ್ತತ್ತಿ.

ಶನಿವಾರ ಡಬ್ಬಿ ತಂದ ಶಿವಪ್ರಕಾಶನ ಮುಂದೆ ಅವಳು ನಿಂತಲ್ಲೇ ಅತ್ತುಬಿಟ್ಟಳು.

"ನನ್ನ ಕೈಯಿಂದ ಆತು. ಮುತ್ತೈದಿ ಅಲ್ಲದಾಕಿ ಉಡಿ ತುಂಬಿದೆ. ಆ ಕೂಸಿಗೆ ಏನರ ಆದ್ರ…"

"ಕಾಮಾಲಿ ಹತ್ತು ಕೂಸಿನಾಗ ಆರಕ್ಕ ಆಗ್ತದಂತ ಡಾಕ್ಟರ್ ಹೇಳ್ಯಾರ್ರಿ." ಅವನ ದನಿ ಎಂದಿನಂತೆಯೇ ಮೆತ್ತಗಿತ್ತು. "ಆ ಕೂಸುಗಳ ಅವ್ವಂದಿರ ಉಡಿ ಎಲ್ಲಾ ನೀವೇ ತುಂಬೀರೇನು?"

ಅವಳು ಅಳುತ್ತಲೇ ತಲೆ ಎತ್ತಿ ನೋಡಿದಳು.

"ನಿಮಗ ಹಗುರ ಆಗಬೇಕಂದ್ರ ಒಂದ ದಾರಿ ಅದ. ಅಕ್ಕನ ಮುಂದ ಹೇಳಿಬಿಡ್ರಿ. ನಾನೂ ಬರ್ತೀನಿ."

"ಬ್ಯಾಡ." ಅವಳು ಹೆದರಿ ಹಿಂದೆ ಸರಿದಳು. "ಅವರು ಈ ಹೊಸ್ತಲ ತುಳಿಯಂಗಿಲ್ಲ ಆಮ್ಯಾಲೆ. ಇಲ್ಲಿ ನನಗ ಅವರ ಬಿಟ್ರ ಯಾರದಾರ್ರಿ?"

ಅವನು ಒತ್ತಾಯಿಸಲಿಲ್ಲ. ಅಂದಿನ ಡಬ್ಬಿಯಲ್ಲಿ ಒಂದು ಹಿಡಿ ಶೇಂಗಾ ಇತ್ತು.

ಕೂಸು ಮನೆಗೆ ಬಂತು, ಮೈ ತುಂಬಿಕೊಂಡಿತು. ಆದರೆ ಆ ವಾರವೇ ಇನ್ನೊಂದು ನಡೆಯಿತು. ಪಕ್ಕದ ಬಿಲ್ಡಿಂಗಿನ ಅನುಜಾ ಸೀರೆ ಒಯ್ಯಲು ಬಂದು, ಹೊರಟವಳು ಮತ್ತೆ ತಿರುಗಿ ನಿಂತಳು.

"ವೈನಿ, ಸಿಟ್ಟಾಗಬ್ಯಾಡ್ರಿ. ನಿಮ್ಮ ಮನೆಯವ್ರು ನಾಸಿಕದಾಗ ಅದಾರಂತ? ಕುರಕುಂಭ ಅಂತಿದ್ರಲ್ಲ ನೀವು?"

ಪಿಕೋ ಮಶೀನು ಗಕ್ಕನೆ ನಿಂತಿತು. ಸೂಜಿ ಬಟ್ಟೆಯಲ್ಲೇ ಸಿಕ್ಕಿಕೊಂಡಿತು.

"ಯಾರು ಹೇಳಿದ್ರು?"

"ಹಂಗ… ಮಂದಿ ಮಾತು." ಅನುಜಾ ಸೀರೆ ಹಿಡಿದು ಹೋದಳು.

ನಾಸಿಕ! ಆ ಹೆಸರನ್ನು ಪ್ರಫುಲ್ಲಾ ಈ ಊರಲ್ಲಿ ಒಬ್ಬರ ಮುಂದೆ ಮಾತ್ರ ಎತ್ತಿದ್ದಳು.

ಶನಿವಾರ ಅವನು ಬಂದಾಗ ಅವಳು ಸ್ಟೂಲು ಹಾಕಲಿಲ್ಲ.

"ನಾಸಿಕ ಅನ್ನೂದು ನಿಮಗ ಬಿಟ್ಟು ಯಾರಿಗೂ ಹೇಳಿರಲಿಲ್ಲ ನಾ."

ಅವನಿಗೆ ಅರ್ಥವಾಗಲು ಒಂದು ಗಳಿಗೆ ಬೇಕಾಯಿತು. "ನಾ ಹೇಳಿಲ್ರಿ."

"ಮತ್ತ ಗ್ವಾಡಿ ಹೇಳ್ತೇನು? ನಿಮಗ ನಗಿ ಬಂದಿರಬೇಕು. ಇಲ್ಲದ ಗಂಡಗ ವಾರವಾರ ಬುತ್ತಿ ಕಟ್ಟೋ ಹೆಂಗಸು. ಲ್ಯಾಬಿನಾಗ ಕುಂತು ಹೇಳ್ಕೋತ ತಿಂದಿರಬೇಕು ರೊಟ್ಟಿ."

ಹೇಳಿದ ಕೂಡಲೇ ಅವಳಿಗೇ ಮಾತು ಕಹಿಯಾಯಿತು. ಆದರೆ ಹೊರಗೆ ಬಿದ್ದಿತ್ತು.

ಶಿವಪ್ರಕಾಶ ಡಬ್ಬಿಯನ್ನು ಮಶೀನಿನ ಪಕ್ಕ ಇಟ್ಟ. ಇಟ್ಟ ಮೇಲೂ ಸ್ವಲ್ಪ ಹೊತ್ತು ಕೈ ಅದರ ಮೇಲೆಯೇ ಇತ್ತು.

"ನಿಮ್ಮ ಮಾತಿಗೆ ನಕ್ಕೀನಿ. ನಿಮ್ಮ ಕಡೆ ನೋಡಿ ಎಂದೂ ನಕ್ಕಿಲ್ರಿ," ಎಂದು ಹೇಳಿ ಇಳಿದು ಹೋದ.

ಆ ಸೋಮವಾರ ಬುತ್ತಿ ಹೋಗಲಿಲ್ಲ. ಅದರ ಮುಂದಿನ ಸೋಮವಾರವೂ ಹೋಗಲಿಲ್ಲ. ಕೂಸಿನ ಗದ್ದಲದಲ್ಲಿದ್ದ ಗೌರಾಬಾಯಿಗೆ, ಮೈಗೆ ಹುಷಾರಿಲ್ಲ ಎಂದು ಹೇಳಿಕಳಿಸಿದಳು. ಒಂದು ಸುಳ್ಳಿನ ಮೇಲೆ ಇನ್ನೊಂದು.

* * *

ದೀಕ್ಷಿತಾಳಿಗೆ ಹೊಟ್ಟೆನೋವು ಶುರುವಾಗಿತ್ತು. ಬೆಳಿಗ್ಗೆ ಶಾಲೆಗೆ ಹೊರಡುವ ಹೊತ್ತಿಗೆ ಹೊಟ್ಟೆ ಹಿಡಿದು ಕೂರುತ್ತಿದ್ದಳು. ಓಮದ ನೀರು ಕುಡಿಸಿದ್ದಾಯಿತು, ಡಾಕ್ಟರಿಗೆ ತೋರಿಸಿದ್ದಾಯಿತು. ಏನೂ ಇಲ್ಲ ಎಂದರು.

ಒಂದು ಮಧ್ಯಾಹ್ನ ಪ್ರಫುಲ್ಲಾ ಮಗಳನ್ನು ತೊಡೆಯ ಮೇಲೆ ಮಲಗಿಸಿಕೊಂಡು ಹೊಟ್ಟೆಗೆ ಹರಳೆಣ್ಣೆ ಹಚ್ಚುತ್ತಿದ್ದಳು. ಮಗು ಮೇಲೆ ನೋಡುತ್ತ ಮಲಗಿತ್ತು.

"ಮಮ್ಮಿ, ನಾ ಒಂದು ಹೇಳಿದ್ರ ಹೊಡೀತಿಯಾ?"

"ಎಂದರ ಹೊಡದೀನೇನು?"

"ಅನುಜಾ ಕಾಕೂನ ಮಗಳು ದಿನಾ ಕೇಳ್ತಿದ್ಲು, ನಿಮ್ಮ ಪಪ್ಪಾ ಯಾಕ ಬರಂಗಿಲ್ಲ ಅಂತ. ನಾ ದಿನಾ ಕುರಕುಂಭ ಅಂತಿದ್ದೆ. ಅಂದಾಗ ಒಮ್ಮೆ ಹೊಟ್ಟಿ ನೋಯ್ತಿತ್ತು. ನೀ ಅಂಕಲ್ ಮುಂದ ನಾಸಿಕ ಅಂದದ್ದು ಕೇಳಿದ್ದೆ, ಒಂದು ದಿನ ಅದನ್ನ ಖರೇ ಹೇಳಿಬಿಟ್ಟೆ." ಅವಳು ತಾಯಿಯ ಸೆರಗು ಹಿಡಿದುಕೊಂಡಳು. "ನೋವು ನಿಂತಿತು. ಆಮ್ಯಾಲೆ ನೀ ಅಂಕಲ್‌ಗ ಬೈದಿ. ನಾನು ಒಳಗ ಇದ್ದೆ. ನಾ ಹೇಳಿದ್ದು ಅಂತ ಹೇಳಲಿಲ್ಲ. ಮತ್ತ ನೋಯಾಕ ಹತ್ತಿತು."

ಹರಳೆಣ್ಣೆಯ ಕೈ ಅಲ್ಲೇ ನಿಂತಿತು.

ಗಂಡ ಬಿಟ್ಟು ಹೋದದ್ದು ನಾಚಿಕೆ ಎಂದುಕೊಂಡಿದ್ದಳು. ಮುತ್ತೈದೆಯೆಂದು ಕುಳಿತು ಉಡಿ ತುಂಬಿದ್ದು ಅದಕ್ಕಿಂತ ದೊಡ್ಡ ನಾಚಿಕೆ ಎಂದುಕೊಂಡಿದ್ದಳು. ಎಂಟು ವರ್ಷದ ಮಗುವಿನ ಹೊಟ್ಟೆಯಲ್ಲಿ ತನ್ನ ಸುಳ್ಳನ್ನು ಇಟ್ಟು, ಅದಕ್ಕೆ ಮೇಲಿನಿಂದ ಎಣ್ಣೆ ಹಚ್ಚುತ್ತ ಕುಳಿತಿದ್ದಳಲ್ಲ! ಇದರ ಮುಂದೆ ಉಳಿದದ್ದೆಲ್ಲ ಏನು?

ಅವಳು ಮಗಳನ್ನು ಎದೆಗೆ ಎಳೆದುಕೊಂಡಳು.

"ನೀ ತಪ್ಪು ಮಾಡಿಲ್ಲ ಕಂದಾ. ನಾ ಮಾಡೀನಿ. ಇನ್ನ ಮ್ಯಾಲೆ ಯಾರ ಮುಂದೂ ಏನೂ ಮುಚ್ಚೂದು ಬ್ಯಾಡ."

"ಖರೇನ?"

"ಖರೇ."

* * *

ಆ ಭಾನುವಾರ ಕೂಸನ್ನು ತೊಟ್ಟಿಲಿಗೆ ಹಾಕುವ ಕಾರ್ಯ. ಗೌರಾಬಾಯಿಯ ಮನೆ ಮತ್ತೆ ಹೆಂಗಸರಿಂದ ತುಂಬಿತ್ತು. ತೊಟ್ಟಿಲಿಗೆ ಚೆಂಡು ಹೂವಿನ ಮಾಲೆ.

ಪ್ರಫುಲ್ಲಾ ಮಗಳ ಕೈ ಹಿಡಿದು ಬಂದಳು. ಕೊರಳು ಬರಿದಾಗಿತ್ತು. ಸೆರಗಿನಿಂದ ಮುಚ್ಚಿಕೊಂಡಿರಲಿಲ್ಲ.

"ಬಾ, ಬಾ, ನಿನ್ನ ಹಾದೀನ ನೋಡ್ಲಿಕ್ಕತ್ತಿದ್ವಿ," ಎಂದು ಗೌರಾಬಾಯಿ ಕರೆದರು. "ಐದು ಮಂದಿ ಮುತ್ತೈದೇರು ತೊಟ್ಟಿಲ ತೂಗಬೇಕು. ನೀ ಈ ಕಡೆ ಹಗ್ಗ ಹಿಡಿ."

"ನಾ ಹಿಡಿಯೂದಿಲ್ರಿ ಅಕ್ಕಾರ."

"ಯಾಕವಾ?"

ಬಾಗಿಲ ಬಳಿ ಶಿವಪ್ರಕಾಶ ನಿಂತಿದ್ದ. ಅವನು ಮುಂದೆ ಬರಲು ಹೆಜ್ಜೆ ಎತ್ತಿದ್ದನ್ನು ನೋಡಿ ಅವಳು ತಲೆ ಅಲ್ಲಾಡಿಸಿದಳು. ಬೇಡ. ಇದು ನಾನೇ ಹೇಳಬೇಕಾದದ್ದು.

"ನನ್ನ ಗಂಡ ಕುರಕುಂಭದಾಗ ಇಲ್ರಿ. ಎಂದೂ ಇರಲಿಲ್ಲ. ನಾಸಿಕದಾಗ ಬ್ಯಾರೆ ಸಂಸಾರ ಮಾಡ್ಯಾರ. ಕೋರ್ಟಿನಾಗ ಬಿಡುಗಡಿ ಆಗಿ ಒಂದು ವರ್ಷ ಆತು. ನಿಮಗೆಲ್ಲಾರಿಗೂ ಸುಳ್ಳು ಹೇಳಿದೆ. ಶೀತಲ್ ಉಡಿನೂ… ಸುಳ್ಳು ಹೇಳೇ ತುಂಬಿದೆ."

ಹಾಡಿಗೆಂದು ಬಾಯಿ ತೆರೆದಿದ್ದವರು ಹಾಗೇ ಉಳಿದರು. ಯಾರೋ ಗೋಡೆಯ ಕಡೆ ತಿರುಗಿ ಪಿಸುಗುಟ್ಟಿದರು. ಅನುಜಾ ತಲೆ ತಗ್ಗಿಸಿದಳು.

ಗೌರಾಬಾಯಿಯ ಮುಖ ಕೆಂಪಾಗಿತ್ತು. ಹಿಡಿದಿದ್ದ ತೊಟ್ಟಿಲ ಹಗ್ಗ ಕೆಳಗೆ ಬಿಟ್ಟರು. ಕೊನೆಗೆ ಬಂದ ಮಾತು ಯಾರೂ ನಿರೀಕ್ಷಿಸಿದ್ದಲ್ಲ.

"ಮತ್ತ ಆ ಬುತ್ತಿ?"

"ಅಕ್ಕಾರ…"

"ಶ್ರಾವಣದಿಂದ ಕಳಸೀನಿ. ಗುರೆಳ್ಳು ಚಟ್ನಿ, ಮಜ್ಜಿಗಿ ಮೆಣಸಿನಕಾಯಿ, ಮ್ವಾಣಕಾಲು ನೋಯಿಸ್ಕೊಂಡು ಮಾಡಿದ ಶೇಂಗಾ ಹೋಳಿಗಿ. ಸೇರಿದ್ವು ಅಂತ ನೀನೇ ಹೇಳ್ತಿದ್ದಿ. ಯಾರಿಗೆ ಸೇರಿದ್ವು ಅವು?"

ಬಾಗಿಲಿಂದ ದನಿ ಬಂತು. "ನಾ ತಿಂದೀನಿ ಅಕ್ಕ."

ಎಲ್ಲರೂ ತಿರುಗಿದರು.

"ಹೋಳಿಗಿನೂ?"

"ಹೋಳಿಗಿನೂ. ಇಕಿ ಸುಳ್ಳು ಹೇಳ್ಯಾಳ ಅಂದ್ರ ನಾನೂ ಹೇಳೀನಿ. ಮೊದಲನೇ ದಿನ, ಇದೇ ಬಾಗಲದಾಗ ನಿಂತು. ಬೈಯೂದಿದ್ರ ಇಬ್ರಿಗೂ ಬೈ."

ಗೌರಾಬಾಯಿ ತಮ್ಮನನ್ನು ಅಡಿಯಿಂದ ಮುಡಿಯವರೆಗೆ ನೋಡಿದರು. ಸೆರಗು ಕೊಡವಿ ಅಡುಗೆಮನೆಗೆ ಹೋಗಿಬಿಟ್ಟರು. ಒಳಗೆ ಪಾತ್ರೆಗಳು ದಡದಡ ಸದ್ದು ಮಾಡಿದವು.

ಪ್ರಫುಲ್ಲಾ ಮಗಳ ಕೈ ಹಿಡಿದು ಹೊರಡಲು ತಿರುಗಿದಳು. ಆಗ ಮಣೆಯ ಮೇಲಿಂದ ಶೀತಲ್ ಕರೆದಳು.

"ವೈನಿ, ಎಲ್ಲಿಗೆ ಹೊಂಟ್ರಿ? ಕೂಸಿನ ಹಿಡ್ಕೋರಿ ಒಂಚೂರು. ಮುಂಜಾನೆಯಿಂದ ಎತ್ತಿ ಎತ್ತಿ ಕೈ ಸೋತಾವ ನನಗ."

"ನಾನು… ನನ್ನ ಕೈಯಿಂದ…"

"ನಿಮ್ಮ ಕೈಗೇನಾಗೇದ? ಬರ್ರಿ."

ಬೆಚ್ಚನೆಯ ಆ ಗಂಟು ಮಡಿಲಿಗೆ ಬಂತು. ಕೂಸು ಬಾಯಿ ಅಗಲಿಸಿ ಆಕಳಿಸಿತು. ಪ್ರಫುಲ್ಲಾಳ ಕಣ್ಣೀರು ಅದರ ಕುಂಚಿಗೆಯ ಮೇಲೆ ಬಿತ್ತು. ದೀಕ್ಷಿತಾ ಬೆರಳು ಚಾಚಿದಳು, ಕೂಸು ಹಿಡಿದುಕೊಂಡಿತು.

ತೊಟ್ಟಿಲ ಕಾರ್ಯ ಮುಗಿದ ಮೇಲೆ ಗೌರಾಬಾಯಿ ತಟ್ಟೆ ತಂದು ಅವಳ ಮುಂದೆ ಕುಕ್ಕಿದರು.

"ಊಟ ಮಾಡಿ ಹೋಗು. ಸಿಟ್ಟು ಇನ್ನೂ ಅದ ನನಗ. ಅದು ಬ್ಯಾರೆ, ಊಟ ಬ್ಯಾರೆ." ಹೋಗುತ್ತ ಹೋಗುತ್ತ ನಿಂತರು. "ವರ್ಷ ಪೂರ್ತಿ ಒಬ್ಬಾಕಿನ ಕುಂತು ಅತ್ತೀಯಲ್ಲ ಹುಚ್ಚಿ. ನಾ ಓಣಿ ದಾಟಿದ್ರ ಇದ್ದೆ."

ಪ್ರಫುಲ್ಲಾಳಿಗೆ ತುತ್ತು ಇಳಿಯಲಿಲ್ಲ. ಆದರೂ ಪೂರ್ತಿ ಉಂಡಳು.

* * *

ಸೋಮವಾರ ಬೆಳಿಗ್ಗೆ ಆರು. ಚೌಕದಲ್ಲಿ ತೆಳ್ಳಗೆ ಮಂಜು. ಹೂವಿನ ಟೆಂಪೋ ಹೊರಟುಹೋಗಿತ್ತು.

ಶಿವಪ್ರಕಾಶ ಸ್ಟಾಪಿಗೆ ಬಂದಾಗ ಅವಳು ಆಗಲೇ ನಿಂತಿದ್ದಳು, ಕೈಯಲ್ಲಿ ಡಬ್ಬಿ.

"ನಿಮ್ಮ ಮ್ಯಾಲೆ ಇಲ್ಲದ ತಪ್ಪು ಹೊರಿಸಿದೆ," ಎಂದಳು. ಈ ಸಲ ಮುಖ ನೋಡಿಯೇ ಹೇಳಿದಳು. "ಹೇಳಿದ್ದು ದೀಕ್ಷಿತಾ. ಅಷ್ಟು ಕೆಟ್ಟ ಮಾತಾಡಿದೆ. ನಾಚಿಕಿ ಆಗ್ತದ ನನಗ."

"ನೀವು ಭಾಳ ನಾಚ್ಕೋತೀರಿ. ಈಗ ಒಂದೀಟು ಕಡಿಮಿ ಮಾಡ್ರಿ." ಅವನು ನಕ್ಕ. ಆಮೇಲೆ ನಗು ಇಳಿಯಿತು. "ನಾನೂ ನಿನ್ನೆ ಮಾಧುರಿ ತಾಯಿಗೆ ಫೋನ್ ಮಾಡಿದೆ. ನೀವು ಹೇಳಿದ್ದು ಕೇಳಿ ಧೈರ್ಯ ಬಂತು. ತಪ್ಪಾತು ಅಂದೆ. ಅವರು ಏನೂ ಅನ್ನಲಿಲ್ಲ… ಆದ್ರ ಫೋನ್ ಇಡಲಿಲ್ಲ."

ಅವಳು ಡಬ್ಬಿ ಚಾಚಿದಳು.

"ಇದು ಯಾರಿಗ್ರಿ?" ಎಂದು ಕೇಳಿದ ಅವನು, ತೆಗೆದುಕೊಳ್ಳದೆ.

"ಕುರಕುಂಭದಾಗ ಇರೋರಿಗೆ."

"ಅಲ್ಲಿ ಭಾಳ ಮಂದಿ ಅದಾರ."

ಅವಳ ಕಿವಿ ಬಿಸಿಯಾಯಿತು. "ನಿಮಗ."

ಅವನು ಎರಡೂ ಕೈಯಿಂದ ತೆಗೆದುಕೊಂಡ. ಮೊದಲ ದಿನದಂತೆಯೇ.

"ಹಂಗಂದ್ರ ಒಂದು ಮಾತು ಹೇಳಲೇನ್ರಿ? ನನಗ ಖಾರ ಆಗಂಗಿಲ್ಲ."

ಪ್ರಫುಲ್ಲಾ ಬೆರಗಾಗಿ ನೋಡಿದಳು. ಬಸವಪ್ರಭುವಿಗೆ ಊಟವೆಂದರೆ ಖಾರ. ಹತ್ತು ವರ್ಷ ಮಾಡಿ ಮಾಡಿ ಕೈಗೆ ಆ ಅಳತೆ ಕೂತುಬಿಟ್ಟಿತ್ತು. ಪ್ರತಿ ಸೋಮವಾರ ಅದೇ ಕೆಂಪು ಎಣ್ಣೆಗಾಯಿ, ಅದೇ ಬೆಂಕಿಯಂಥ ಚಟ್ನಿ.

"ಮತ್ತ ಇಷ್ಟು ದಿನ ಹೆಂಗ ತಿಂದ್ರಿ?"

"ಕಣ್ಣಾಗ ನೀರು ಹಾಕ್ಕೋತ. ಮೊಸರು ಕಲಸ್ಕೊಂಡು."

"ಒಂದು ಮಾತು ಹೇಳಬಾರದೇನ್ರಿ ನನಗ?"

"ಹೆಂಗ ಹೇಳ್ಲಿ? ಅದು ನನಗಂತ ಮಾಡಿದ್ದಲ್ಲಲ್ರಿ."

ತಿರುವಿನಲ್ಲಿ ಬಸ್ಸಿನ ದೀಪ ಕಂಡಿತು. ಹಣೆಯ ಮೇಲೆ ಅದೇ ಊರಿನ ಹೆಸರು. ಅವಳು ಬೇಗನೆ ಕೈ ಚಾಚಿ ಡಬ್ಬಿಯ ಮೇಲಿನ ಮುಚ್ಚಳ ತೆಗೆದು, ಚಟ್ನಿಯ ಪುಟ್ಟ ಬಟ್ಟಲನ್ನು ಎತ್ತಿಕೊಂಡಳು.

"ಇದನ್ನ ಮುಟ್ಟಬ್ಯಾಡ್ರಿ. ರೊಟ್ಟಿಗೆ ಬೆಲ್ಲ ತುಪ್ಪ ಹಚ್ಕೋರಿ ಇವತ್ತು. ಮುಂದಿನ ಸೋಮವಾರ ನಿಮಗಂತ ಮಾಡ್ತೀನಿ."

"ಬರೂ ಸೋಮವಾರಕ್ಕ ಅಷ್ಟ ಏನ್ರಿ?"

ಬಸ್ಸು ಬಂದು ನಿಂತಿತು. ಬಾಗಿಲು ತೆರೆಯಿತು. ಅವನು ಹತ್ತದೆ ನಿಂತೇ ಇದ್ದ. ಡ್ರೈವರ್ ಮರಾಠಿಯಲ್ಲಿ, "ಚಲಾ ಸಾಹೇಬ," ಎಂದು ಕೂಗಿದ.

"ಮೊದಲು ಶನಿವಾರ ಬರ್ರಿ," ಎಂದಳು ಪ್ರಫುಲ್ಲಾ. "ಡಬ್ಬಿ ಬರೀ ತರಬ್ಯಾಡ್ರಿ ಮತ್ತ."

"ಏನು ತರ್ಲಿ?"

"ನೀವು ಬರ್ರಿ. ಸಾಕು."